ಯಂತ್ರದ ನಾಡಿ ಪರೀಕ್ಷೆ



ಒಂದು ಕಾಲಕ್ಕೆ ಪಾಲಮೂರು ಕೂಲಿ ಎಂದರೆ ಅಣೆಕಟ್ಟಿಗೆ ಮಣ್ಣು ಕಲ್ಲು ಹೊರುವ ಕೂಲಿ ಎಂದೇ ಅರ್ಥವಿತ್ತು. ಈಗ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಹುಡುಗರು ಹೊಲದ ಕೆಲಸ ಮುಗಿಯುತ್ತಲೇ ಯಂತ್ರದ ಕೆಲಸಕ್ಕೆ ಹೊರಡುತ್ತಾರೆ. ಹತ್ತಿ ಜಿನ್ನಿಂಗ್ ಮಿಲ್ಲು, ಅಕ್ಕಿ ಗಿರಣಿ, ಹೈದರಾಬಾದಿನ ಸುತ್ತಮುತ್ತಲ ಕಾರ್ಖಾನೆಗಳು, ಇಲ್ಲವೆ ಕೃಷ್ಣೆಯನ್ನು ದಾಟಿದರೆ ರಾಯಚೂರು, ಶಕ್ತಿನಗರ. ಅಲ್ಲಿ ಅವರಿಗೆ ಒಂದು ಪೆಟ್ಟಿಗೆಯ ಪರಿಚಯವಾಗುತ್ತದೆ. ಕರೆಂಟಿನ ಪ್ಯಾನೆಲ್ಲಿನೊಳಗೆ, ಬೇರೆ ಪೆಟ್ಟಿಗೆಗಳ ನಡುವೆ, ಬಹಳ ಕಡೆ ಹಳದಿ ಇಲ್ಲವೆ ಕೆಂಪು ಬಣ್ಣದಲ್ಲಿ ಕೂತಿರುವ ಪೆಟ್ಟಿಗೆ. ಅದರ ಹೆಸರು ಸೇಫ್ಟಿ ಕಂಟ್ರೋಲರ್, ಅಂದರೆ ಸುರಕ್ಷಾ ನಿಯಂತ್ರಕ. ಅದರ ಮೇಲೆ ಕೆಲಸಗಾರರಿಗೂ ಸೂಪರ್‌ವೈಸರಿಗೂ ಒಂದೇ ದೂರು: "ಏನೂ ಆಗದಿದ್ದರೂ ಮಿಷಿನ್ ನಿಲ್ಲಿಸುತ್ತದೆ." ಏನೂ ಆಗದಿದ್ದಾಗ ಅದು ಏಕೆ ನಿಲ್ಲಿಸುತ್ತದೆ ಎಂಬುದೇ ಈ ಹೊತ್ತಿನ ನನ್ನ ಮಾತು.

ನೀವು ಜೋಳದ ಹೊಲಕ್ಕೆ ಕಾವಲು ಇಟ್ಟಿದ್ದೀರಿ ಎನ್ನಿ. ರಾತ್ರಿಯೆಲ್ಲ ಸದ್ದಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ತೆನೆಗಳು ಇದ್ದ ಹಾಗೆಯೇ ಇವೆ. ಕಾವಲಿನವನು ಎಚ್ಚರವಾಗಿದ್ದನೋ, ಮಲಗಿದ್ದನೋ? ಹಂದಿ ಬಾರದ ರಾತ್ರಿಯಲ್ಲಿ ಇಬ್ಬರೂ ಒಂದೇ ತರಹ ಕಾಣುತ್ತಾರೆ. ಹಂದಿ ಬಂದ ರಾತ್ರಿಯೇ ವ್ಯತ್ಯಾಸ ಗೊತ್ತಾಗುವುದು. ಗೊತ್ತಾಗುವ ಹೊತ್ತಿಗೆ ಹೊಲ ಹೋಗಿರುತ್ತದೆ. ಅದಕ್ಕೇ ಪಕ್ಕದ ಹೊಲದವನು ಗಳಿಗೆಗೊಮ್ಮೆ 'ಓ' ಎಂದು ಕೂಗುತ್ತಾನೆ, ಇವನು 'ಓ' ಎನ್ನಬೇಕು. ಎನ್ನದಿದ್ದರೆ ಹಂದಿ ಬಂದಿರಲಿ ಬಿಡಲಿ, ಎದ್ದು ಹೋಗಿ ನೋಡಬೇಕು. ಸುರಕ್ಷಾ ನಿಯಂತ್ರಕ ಮಾಡುವುದು ಈ ಕೂಗುವ ಕೆಲಸವನ್ನೇ. ಇಂಗ್ಲಿಷಿನಲ್ಲಿ ಅದನ್ನು ಪಲ್ಸ್ ಟೆಸ್ಟ್ ಎನ್ನುತ್ತಾರೆ. ನಾಡಿ ಪರೀಕ್ಷೆ ಎಂದರೆ ನಮಗೆ ಒಪ್ಪುತ್ತದೆ. ಒಂದು ಭೇದವಿದೆ: ವೈದ್ಯನು ರೋಗಿಯ ಮೈಯಲ್ಲಿ ಹರಿಯುತ್ತಿರುವ ನಾಡಿಯನ್ನು ಹಿಡಿದು ನೋಡುತ್ತಾನೆ, ಈ ನಿಯಂತ್ರಕವು ತಾನೇ ನಾಡಿಯೊಂದನ್ನು ಕಳಿಸಿ, ಅದು ಹೋದ ಹಾಗೆಯೇ ತಿರುಗಿ ಬಂತೇ ಎಂದು ನೋಡುತ್ತದೆ.

ಇದನ್ನು ತಿಳಿಯಲು ಮೊದಲು ರೈಲಿನ ಹಳಿಯಿಂದ ಶುರು ಮಾಡೋಣ. ಕೃಷ್ಣಾ ಸ್ಟೇಷನ್ನು ನಮಗೆಲ್ಲ ಗೊತ್ತು. 2023ರ ಅಕ್ಟೋಬರ್ 1ರಂದು ಜಕ್ಲೇರಿನಿಂದ ಕೃಷ್ಣೆಯವರೆಗಿನ ಹೊಸ ಮಾರ್ಗ ಲೋಕಾರ್ಪಣೆಯಾದ ಮೇಲೆ ಮಕ್ತಲ್ ಕಡೆಯವರಿಗೆ ಅದು ಇನ್ನೂ ಹತ್ತಿರವಾಯಿತು. ರೈಲ್ವೆಯಲ್ಲಿ ಒಂದು ಹಳೆಯ ಉಪಾಯವಿದೆ, 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ಎಂಬವನು ಪೇಟೆಂಟ್ ಪಡೆದದ್ದು. ಹಳಿಯ ಒಂದು ತುಂಡಿನಲ್ಲಿ ಸಣ್ಣ ಕರೆಂಟು ಸದಾ ಹರಿಯುತ್ತಿರುತ್ತದೆ. ಆ ಕರೆಂಟು ಕೊನೆಯಲ್ಲಿರುವ ರಿಲೇಯನ್ನು ಎತ್ತಿ ಹಿಡಿದಿದ್ದರೆ ಮಾತ್ರ ಸಿಗ್ನಲ್ ಹಸಿರಾಗಬಹುದು. ರೈಲು ಬಂದರೆ ಗಾಲಿ ಅಚ್ಚುಗಳ ಮೂಲಕ ಕರೆಂಟು ಅಡ್ಡದಾರಿ ಹಿಡಿಯುತ್ತದೆ, ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ವೈರು ಕಡಿದರೂ, ಬ್ಯಾಟರಿ ಸತ್ತರೂ ರಿಲೇ ಬೀಳುತ್ತದೆ, ಕೆಂಪೇ ಆಗುತ್ತದೆ. ಕೆಟ್ಟರೂ ಕಾಯುವ ಕಡೆಗೇ ಕೆಡಬೇಕು, ಇದೇ ಉಪಾಯದ ಜೀವ. ಬ್ಯಾಟರಿ ಹಾಕಿ ಗಂಟೆ ಬಾರಿಸುವ ಏರ್ಪಾಡಿಗೂ ಇದಕ್ಕೂ ನೆಲ ಮುಗಿಲಿನ ಅಂತರ. ಗಂಟೆಯ ಬ್ಯಾಟರಿ ಸತ್ತರೆ ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ಬ್ಯಾಟರಿ ಸತ್ತರೆ ರೈಲೇ ನಿಂತುಬಿಡುತ್ತದೆ.

ಕಾರ್ಖಾನೆಯ ಯಂತ್ರದ ಮೇಲೆ ಅಣಬೆಯ ಹಾಗೆ ಉಬ್ಬಿರುವ ಕೆಂಪು ಗುಂಡಿ ಇರುತ್ತದಲ್ಲ, ಎಮರ್ಜೆನ್ಸಿ ಸ್ಟಾಪ್, ಅದೂ ಇದೇ ಕುಲದ್ದು. ಅದನ್ನು ಒತ್ತಿದರೆ ಕರೆಂಟು ಹೋಗಿ ನಿಲ್ಲಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಯಂತ್ರ ಓಡುವಷ್ಟು ಹೊತ್ತೂ ಆ ಗುಂಡಿಯ ಮೂಲಕ 24 ವೋಲ್ಟಿನ ಕರೆಂಟು ಹರಿಯುತ್ತಲೇ ಇರುತ್ತದೆ. ಒತ್ತಿದಾಗ ಅದು ಕಡಿಯುತ್ತದೆ. ಹೀಗಾಗಿ ಗುಂಡಿಯ ವೈರನ್ನು ಇಲಿ ಕಡಿದರೂ ಯಂತ್ರ ನಿಲ್ಲುತ್ತದೆ. ಒಳ್ಳೆಯದೇ. ಆದರೆ ಇಲಿ ಯಾವಾಗಲೂ ನಮಗೆ ಅನುಕೂಲವಾಗುವಂತೆ ಕಡಿಯುವುದಿಲ್ಲ. ವೈರಿನ ಮೇಲಿನ ಪ್ಲಾಸ್ಟಿಕ್ ಮಾತ್ರ ಹೋಗಿ, ಒಳಗಿನ ತಾಮ್ರ ಪಕ್ಕದ ಕರೆಂಟಿನ ವೈರಿಗೆ ತಾಗಿತು ಎನ್ನಿ. ಜಿನ್ನಿಂಗ್ ಮಿಲ್ಲಿನಲ್ಲಿ ಅದುರಾಟಕ್ಕೆ ಕೇಬಲ್ಲು ಕಬ್ಬಿಣದ ಅಂಚಿಗೆ ತಿಕ್ಕಿ ತಿಕ್ಕಿಯೇ ಇದು ಆಗಬಹುದು. ಈಗ ಗುಂಡಿ ಒತ್ತಿದರೂ ಆಚೆಯಿಂದ ಕರೆಂಟು ಬರುತ್ತಲೇ ಇರುತ್ತದೆ. ನಿಯಂತ್ರಕಕ್ಕೆ ಎಲ್ಲ ಸರಿಯಾಗಿರುವಂತೆ ಕಾಣುತ್ತದೆ. ಕೆಂಪು ಗುಂಡಿ ಇದ್ದಲ್ಲೇ ಇದೆ, ದೀಪ ಹಸಿರಾಗಿದೆ, ಕಾವಲಿನವನು ಮಲಗಿದ್ದಾನೆ. ಹತ್ತಿಯ ಜೊತೆ ಒಬ್ಬನ ತೋಳು ಒಳಗೆ ಹೋದ ದಿನ ಮಾತ್ರ ಇದು ಹೊರಬೀಳುತ್ತದೆ.

ನಾಡಿ ಪರೀಕ್ಷೆ ಹುಟ್ಟಿದ್ದು ಈ ಬಗೆಯ ಅಡಗಿದ ದೋಷಕ್ಕಾಗಿ. ನಿಯಂತ್ರಕವು ಗುಂಡಿಗೆ ಕಳಿಸುವ 24 ವೋಲ್ಟನ್ನು ಒಂದೇ ಸಮನೆ ಕಳಿಸುವುದಿಲ್ಲ. ನಡುನಡುವೆ ಕ್ಷಣದ ಒಂದು ಚೂರು ಮಾತ್ರ ಅದನ್ನು ಕಡಿಯುತ್ತದೆ. ಎಷ್ಟು ಎಂದರೆ ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿನ ಆಸುಪಾಸು, ಸೆಕೆಂಡಿನ ಸಾವಿರದ ಒಂದು ಪಾಲು. ಹಲವು ಉಪಕರಣಗಳಲ್ಲಿ ಅದಕ್ಕಿಂತಲೂ ಕಡಿಮೆ. ನೀವು ಒಮ್ಮೆ ರೆಪ್ಪೆ ಮಿಟುಕಿಸುವುದರೊಳಗೆ ನೂರು ಸಲ ಮಾಡಿ ಮುಗಿಸಬಹುದಾದಷ್ಟು ಚಿಕ್ಕದು. ಹೀಗೆ ಕಡಿದಾಗ, ಗುಂಡಿಯನ್ನು ದಾಟಿ ತಿರುಗಿ ಬರುವ ವೈರಿನಲ್ಲೂ ಅದೇ ಹೊತ್ತಿಗೆ ಕರೆಂಟು ಇಲ್ಲವಾಗಬೇಕು. ಇಲ್ಲವಾದರೆ ಸರಿ, ದಾರಿ ಶುದ್ಧವಾಗಿದೆ. ನಾನು ನಿಲ್ಲಿಸಿದ ಮೇಲೂ ನನ್ನ ಮನೆಗೆ ಕರೆಂಟು ಬರುತ್ತಿದೆಯೆಂದರೆ ಅದು ನಾನು ಕಳಿಸಿದ್ದಲ್ಲ, ಯಾರದೋ ಕಳ್ಳ ಕರೆಂಟು. ದೋಷ ಸಿಕ್ಕಿತು. ಗುಂಡಿಯನ್ನು ಯಾರೂ ಒತ್ತಿಲ್ಲ, ಯಾರ ಕೈಯೂ ಸಿಕ್ಕಿಲ್ಲ, ಯಂತ್ರ ಓಡುತ್ತಲೇ ಇದೆ. ಆದರೂ ಗುಂಡಿ ಸತ್ತಿದೆ ಎಂಬುದು ಗೊತ್ತಾಗಿಹೋಯಿತು.

ಒಳ್ಳೆಯ ಯಂತ್ರಗಳಲ್ಲಿ ಗುಂಡಿಯ ಕೆಳಗೆ ಒಂದಲ್ಲ, ಎರಡು ಸಂಪರ್ಕಗಳಿರುತ್ತವೆ, ಎರಡು ಬೇರೆ ಬೇರೆ ವೈರುಗಳು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಆದರೆ ಆ ಎರಡೇ ಒಂದಕ್ಕೊಂದು ತಾಗಿದರೆ? ಆಗ ಇಬ್ಬರು ಕಾವಲಿನವರಿದ್ದೂ ಒಬ್ಬನ ಲೆಕ್ಕವೇ. ಇದಕ್ಕಾಗಿ ಎರಡೂ ವೈರುಗಳಿಗೆ ಬೇರೆ ಬೇರೆ ಹೊತ್ತಿನಲ್ಲಿ ನಾಡಿ ಕಳಿಸುತ್ತಾರೆ. ಮೊದಲನೆಯದರ ನಾಡಿ ಮೊದಲನೆಯದರಲ್ಲೇ ಕಾಣಬೇಕು, ಎರಡನೆಯದರದು ಎರಡನೆಯದರಲ್ಲೇ. ಇದರ ಗುರುತು ಅದರಲ್ಲಿ ಮೂಡಿತೆಂದರೆ ಒಳಗೊಳಗೇ ಇಬ್ಬರೂ ಕೂಡಿಕೊಂಡಿದ್ದಾರೆ ಎಂದು ಅರ್ಥ.

ಹೊರಗಿನ ಕಡೆಯೂ ಹೀಗೆಯೇ. ನಿಯಂತ್ರಕವು ಮೋಟಾರಿನ ಕಾಂಟ್ಯಾಕ್ಟರಿಗೆ ಇಲ್ಲವೆ ಗ್ಯಾಸಿನ ವಾಲ್ವಿಗೆ ಕರೆಂಟು ಕೊಟ್ಟಿರುತ್ತದೆ. ಸಮಯ ಬಂದಾಗ ಅದನ್ನು ಕಡಿಯಲು ತನ್ನಿಂದ ಆಗುತ್ತದೆಯೇ ಎಂಬುದು ಅದಕ್ಕೆ ಗೊತ್ತಿರಬೇಕು. ಒಳಗೆ ಕರೆಂಟು ಕಡಿಯುವ ಟ್ರಾನ್ಸಿಸ್ಟರು ಸುಟ್ಟು ಅಂಟಿಕೊಂಡಿದ್ದರೆ ಅದು ಸದಾ ಕೊಡುತ್ತಲೇ ಇರುತ್ತದೆ, ಕಡಿಯಲಾರದು. ಹಾಗಾಗಿ ಅರೆಕ್ಷಣ ಕಡಿದು, ನಿಜವಾಗಿ ಇಳಿಯಿತೇ ಎಂದು ತಿರುಗಿ ಓದಿಕೊಳ್ಳುತ್ತದೆ. ಕಾಂಟ್ಯಾಕ್ಟರು ಕಬ್ಬಿಣದ ಭಾರದ ಸಾಮಾನು. ಅದು ಬಿಡಬೇಕಾದರೆ ಎಷ್ಟೋ ಮಿಲಿಸೆಕೆಂಡು ಬೇಕು. ಒಂದು ಮಿಲಿಸೆಕೆಂಡಿನ ಕಡಿತ ಅದರ ಅರಿವಿಗೇ ಬರುವುದಿಲ್ಲ. ಯಂತ್ರ ನಿಲ್ಲದೆ ನಿಲ್ಲುವ ಶಕ್ತಿಯ ಪರೀಕ್ಷೆ ಆಗಿಹೋಗುತ್ತದೆ. ನನ್ನ ಮಟ್ಟಿಗೆ ಈ ಇಡೀ ವಿದ್ಯೆಯಲ್ಲಿ ಮೆಚ್ಚಬೇಕಾದದ್ದು ಇದೊಂದೇ, ಉಳಿದದ್ದೆಲ್ಲ ಇದರ ವಿಸ್ತಾರ.

ಒಂದು ತೊಡಕನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದೇ ವೈರಿಗೆ ಯಾರಾದರೂ ಸಣ್ಣ ಎಲ್‌ಇಡಿ ದೀಪ ಜೋಡಿಸಿದರೆ ಅದು ಮಿಣಕ್ ಮಿಣಕ್ ಎನ್ನುವುದು ಕಾಣಬಹುದು. ಅದು ರೋಗವಲ್ಲ, ನಾಡಿ. ಕೇಬಲ್ಲು ಬಹಳ ಉದ್ದವಾಗಿದ್ದರೆ ಇನ್ನೊಂದು ಪೇಚು: ಕರೆಂಟು ಕಡಿದರೂ ಕೇಬಲ್ಲಿನೊಳಗೆ ಉಳಿದ ಚಾರ್ಜು ಇಳಿಯಲು ಹೊತ್ತು ಹಿಡಿಯುತ್ತದೆ, ನಿಯಂತ್ರಕವು ಅದನ್ನೇ ಕಳ್ಳ ಕರೆಂಟೆಂದು ತಿಳಿದು ಯಂತ್ರ ನಿಲ್ಲಿಸುತ್ತದೆ. ಈ ದೂರಿಗೆ ಮದ್ದು, ತಯಾರಕರು ಹೇಳಿದ ಮಿತಿಯೊಳಗೆ ಕಾಯುವ ಹೊತ್ತನ್ನು ಹೊಂದಿಸುವುದು, ಕೇಬಲ್ಲಿನ ಉದ್ದ ಮತ್ತು ದಾರಿಯನ್ನು ಸರಿಪಡಿಸುವುದು. ನಾಡಿ ಪರೀಕ್ಷೆಯನ್ನೇ ಆರಿಸಿಬಿಡುವುದಲ್ಲ. ಆರಿಸಿದರೆ ಯಂತ್ರ ತೊಂದರೆ ಕೊಡದೆ ಓಡುತ್ತದೆ, ನಿಜ. ಕೂಗುವವನ ಬಾಯಿ ಕಟ್ಟಿದರೂ ರಾತ್ರಿ ನಿಶ್ಶಬ್ದವಾಗಿಯೇ ಇರುತ್ತದೆ.

ಇನ್ನು ಕೃಷ್ಣೆಯ ಆಚೆ ದಡಕ್ಕೆ ಬನ್ನಿ. ಕೃಷ್ಣಾ ಊರಿನಿಂದ ನೋಡಿದರೆ ಶಕ್ತಿನಗರದ ಚಿಮಣಿಗಳು ಕಾಣುತ್ತವೆ. ರಾಯಚೂರು ಉಷ್ಣ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಮುಂದೆ 210 ಮೆಗಾವಾಟಿನ ಏಳು, 250 ಮೆಗಾವಾಟಿನ ಒಂದು, ಹೀಗೆ ಎಂಟು ಘಟಕಗಳಾಗಿ 1720 ಮೆಗಾವಾಟಿನ ಕೇಂದ್ರವಾಯಿತು. ಇಂಥ ಕೇಂದ್ರಗಳ ಬಾಯ್ಲರಿನಲ್ಲಿ ಕಲ್ಲಿದ್ದಲನ್ನು ಹಿಟ್ಟಿನಂತೆ ಅರೆದು, ಗಾಳಿಯೊಡನೆ ಊದಿ ಉರಿಸುತ್ತಾರೆ. ಉರಿಯುತ್ತಿರುವವರೆಗೆ ಭಯವಿಲ್ಲ. ಉರಿ ಆರಿಹೋಗಿ, ಪುಡಿ ಮಾತ್ರ ಒಳಗೆ ಬರುತ್ತಲೇ ಇದ್ದರೆ ಕುಲುಮೆಯೇ ಸಿಡಿಮದ್ದಿನ ಕೋಣೆಯಾಗುತ್ತದೆ. ಒಂದು ಕಿಡಿ ಸಾಕು. ಅದಕ್ಕಾಗಿ ಉರಿಯನ್ನು ನೋಡುವ ಕಣ್ಣುಗಳನ್ನು ಇಟ್ಟಿರುತ್ತಾರೆ, ಫ್ಲೇಮ್ ಸ್ಕ್ಯಾನರ್ ಎಂದು. ಉರಿ ಕಾಣದಾದರೆ ಸೆಕೆಂಡುಗಳೊಳಗೆ ಇಂಧನವನ್ನು ಕಡಿಯಬೇಕು. ಮತ್ತೆ ಹೊತ್ತಿಸುವ ಮೊದಲು ಕೆಲವು ನಿಮಿಷ ಬರಿ ಗಾಳಿ ಊದಿ ಕುಲುಮೆಯನ್ನು ತೊಳೆಯಬೇಕು. ಅವಸರದವರು ಬಯ್ಯುವುದು ಈ ನಿಮಿಷಗಳನ್ನೇ.

ಆದರೆ ಕಣ್ಣೇ ಕೆಟ್ಟರೆ? ಕುರುಡಾದರೆ ಚಿಂತೆಯಿಲ್ಲ, ಉರಿ ಇಲ್ಲವೆನ್ನುತ್ತದೆ, ಬಾಯ್ಲರು ನಿಲ್ಲುತ್ತದೆ. ನೇರಳಾತೀತ ಬೆಳಕನ್ನು ಹಿಡಿಯುವ ಹಳೆಯ ಬಗೆಯ ಕೊಳವೆಗಳಿಗೆ ಇನ್ನೊಂದು ಕೆಟ್ಟ ಚಾಳಿಯುಂಟು: ಮುಪ್ಪಾದಾಗ ಅವು ಉರಿ ಇಲ್ಲದಿದ್ದರೂ ಉರಿ ಇದೆ ಎನ್ನತೊಡಗುತ್ತವೆ. ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳ. ಕಣ್ಣಿನ ಮುಂದೆ ಸಣ್ಣ ರೆಪ್ಪೆಯೊಂದನ್ನು ಇಟ್ಟರು. ಅದು ಆಗಾಗ ಮುಚ್ಚಿ ತೆರೆಯುತ್ತದೆ. ರೆಪ್ಪೆ ಮುಚ್ಚಿದಾಗಲೂ 'ಉರಿ ಕಾಣುತ್ತಿದೆ' ಎಂದು ಕಣ್ಣು ಹೇಳಿದರೆ ಅದು ಸುಳ್ಳು ಹೇಳುತ್ತಿದೆ ಎಂದು ಗೊತ್ತಾಗುತ್ತದೆ, ಇಂಧನ ಕಡಿಯುತ್ತದೆ. 24 ವೋಲ್ಟಿನ ಪೆಟ್ಟಿಗೆ ಮಾಡುವುದೂ ಇದನ್ನೇ, ರೆಪ್ಪೆಯ ಬದಲು ಟ್ರಾನ್ಸಿಸ್ಟರಿನಿಂದ.

ದೋಷ ಸಿಕ್ಕಿತು. ಮುಂದೇನು? ಇಲ್ಲಿಯೇ ಜನರಿಗೂ ಪೆಟ್ಟಿಗೆಗೂ ಜಗಳ. ನಾವಾದರೆ, 'ಒಂದು ವೈರು ತಾನೇ, ಇನ್ನೊಂದು ಇದೆಯಲ್ಲ, ಪಾಳಿ ಮುಗಿಯಲಿ ನೋಡೋಣ' ಎನ್ನುತ್ತೇವೆ. ಪೆಟ್ಟಿಗೆ ಹಾಗೆನ್ನುವುದಿಲ್ಲ. ಗೊತ್ತುಪಡಿಸಿದ ಸಮಯದೊಳಗೆ ಅದು ಯಂತ್ರವನ್ನು ಸುರಕ್ಷಿತ ಸ್ಥಿತಿಗೆ ತರಲೇಬೇಕು. ಕಡಿಯಬೇಕಾದ ಟ್ರಾನ್ಸಿಸ್ಟರೇ ಅಂಟಿಕೊಂಡಿದ್ದರೆ ಏನು ಗತಿ ಎಂದು ನೀವು ಕೇಳಬಹುದು. ಅದಕ್ಕೇ ಒಂದರ ಹಿಂದೆ ಒಂದರಂತೆ ಎರಡು ಇಟ್ಟಿರುತ್ತಾರೆ. ಒಂದು ಅಂಟಿದರೆ ಇನ್ನೊಂದು ಕಡಿಯುತ್ತದೆ. ಕಡಿದ ಮೇಲೆ ಪೆಟ್ಟಿಗೆ ಹಠ ಹಿಡಿದು ಕೂರುತ್ತದೆ. ವೈರು ತಾನಾಗಿ ಸರಿಯಾದಂತೆ ಕಂಡರೂ ಯಂತ್ರ ತಾನಾಗಿ ಓಡುವುದಿಲ್ಲ. ಮನುಷ್ಯನೊಬ್ಬ ಬಂದು, ಕಾರಣ ಹುಡುಕಿ, ಸರಿಮಾಡಿ, ರೀಸೆಟ್ ಒತ್ತಬೇಕು. ಒಂದು ದೋಷವಿದ್ದಾಗಲೇ ನಿಲ್ಲಿಸುವುದು ಏಕೆಂದರೆ, ಎರಡನೆಯ ದೋಷ ಬಂದು ಕೂಡಿಕೊಂಡರೆ ಆಮೇಲೆ ನಿಲ್ಲಿಸುವ ಶಕ್ತಿಯೇ ಉಳಿಯುವುದಿಲ್ಲ.

ನಮ್ಮ ನಾರಾಯಣಪೇಟೆ, ಗದ್ವಾಲದ ನೇಕಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಾಸಿನ ಒಂದು ಎಳೆ ಕಡಿದರೆ ಕೈ ತಾನಾಗಿ ನಿಲ್ಲುತ್ತದೆ. ಎಳೆ ಕೂಡಿಸದೆ ಮುಂದೆ ನೆಯ್ದರೆ ಸೀರೆಯುದ್ದಕ್ಕೂ ಗೆರೆ. ಯಂತ್ರದ ಮಗ್ಗಕ್ಕೆ ಕಣ್ಣಿಲ್ಲವಲ್ಲ. ಜಪಾನಿನ ಸಕಿಚಿ ತೊಯೋಡಾ 1924ರಲ್ಲಿ ತಂದ ಮಗ್ಗವು ಎಳೆ ಕಡಿದ ಕೂಡಲೇ ತಾನೇ ನಿಲ್ಲುತ್ತಿತ್ತು. ಅಲ್ಲಿ ಕೆಡುವುದು ಬಟ್ಟೆ, ಇಲ್ಲಿ ಕೆಡುವುದು ಕೈಕಾಲು ಎಂಬುದಷ್ಟೇ ಭೇದ.

ಈ ಹಠ ಎಷ್ಟು ದೊಡ್ಡ ಅನಾಹುತವನ್ನು ತಡೆಯಬಲ್ಲದು ಎಂಬುದಕ್ಕೆ ದೂರದ ಒಂದು ಪ್ರಸಂಗ. 2017ರಲ್ಲಿ ಸೌದಿ ಅರೇಬಿಯಾದ ಒಂದು ಪೆಟ್ರೋಕೆಮಿಕಲ್ ಕಾರ್ಖಾನೆಯ ಸುರಕ್ಷಾ ನಿಯಂತ್ರಕಗಳೊಳಗೆ ಯಾರೋ ದೂರದಿಂದ ಕಳ್ಳದಾರಿಯಲ್ಲಿ ನುಗ್ಗಿದರು. ಟ್ರೈಕೋನೆಕ್ಸ್ ಎಂಬ ಆ ನಿಯಂತ್ರಕದಲ್ಲಿ ಮೂರು ಪ್ರೊಸೆಸರುಗಳು ಒಂದೇ ಲೆಕ್ಕವನ್ನು ಬೇರೆ ಬೇರೆ ಮಾಡಿ ತಾಳೆ ನೋಡುತ್ತವೆ. ನುಗ್ಗಿದವರು ಒಳಗಿನ ಪ್ರೋಗ್ರಾಮನ್ನು ತಿದ್ದುವಾಗ ಆ ತಾಳೆ ತಪ್ಪಿತು. ಕೂಡಲೇ ನಿಯಂತ್ರಕವು ಕಾರ್ಖಾನೆಯನ್ನು ಸುರಕ್ಷಿತವಾಗಿ ನಿಲ್ಲಿಸಿತು. ಏಕೆ ನಿಂತಿತು ಎಂದು ಹುಡುಕುತ್ತ ಹೋದಾಗಲೇ ಕಳ್ಳರ ಹೆಜ್ಜೆ ಸಿಕ್ಕಿದ್ದು. ಆ ಡಿಸೆಂಬರಿನಲ್ಲಿ ಲೋಕಕ್ಕೆಲ್ಲ ತಿಳಿಯಿತು. ಅಂದು ಯಾರಾದರೂ 'ಇದು ಸುಮ್ಮನೆ ನಿಲ್ಲುತ್ತದೆ' ಎಂದು ಗೊಣಗಿ ರೀಸೆಟ್ ಒತ್ತಿ ಮನೆಗೆ ಹೋಗಿದ್ದರೆ?

ನಿಲ್ಲುವುದೇ ಎಲ್ಲ ಕಡೆ ಸುರಕ್ಷಿತವೆಂದು ಮಾತ್ರ ತಿಳಿಯಬೇಡಿ. ಮಹಾಪೂರ ಬಂದಾಗ ಜೂರಾಲದ ಗೇಟು ಮುಚ್ಚಿದ ಸ್ಥಿತಿಯಲ್ಲಿ ನಿಂತುಬಿಟ್ಟರೆ ಅದು ಸುರಕ್ಷೆಯಲ್ಲ. ಯಾವ ಸ್ಥಿತಿ ಸುರಕ್ಷಿತ ಎಂಬುದನ್ನು ಮನುಷ್ಯರು ಮೊದಲೇ ಕೂತು ಯೋಚಿಸಿ ಬರೆದಿಟ್ಟಿರಬೇಕು. ನಾಡಿ ಪರೀಕ್ಷೆಗೂ ಎಲ್ಲೆಯಿದೆ. ಅದು ವೈರನ್ನು ನೋಡುತ್ತದೆ, ಕಬ್ಬಿಣವನ್ನು ನೋಡುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಕೊಂಡು ಹೋದದ್ದು ಸರಪಳಿ ತುಂಡಾಗಿ. ಆ ನೀರನ್ನು ನಂಬಿದ ಆರ್‌ಡಿಎಸ್ ಕಾಲುವೆಯ ರೈತರಿಗೆ ಆ ವಾರ ಹೇಗಿತ್ತೆಂದು ನಾನು ಹೇಳಬೇಕಾಗಿಲ್ಲ. ಸರಪಳಿಯ ಕೊಂಡಿಗೆ ಮಿಲಿಸೆಕೆಂಡಿನ ನಾಡಿ ಕಳಿಸಲು ಬರುವುದಿಲ್ಲ. ಅದನ್ನು ಮನುಷ್ಯನೇ ಹೋಗಿ ನೋಡಬೇಕು, ತಟ್ಟಬೇಕು, ಕಾಲಕ್ಕೆ ಸರಿಯಾಗಿ ಬದಲಿಸಬೇಕು.

ಮನುಷ್ಯನ ಕೈ ಎಂದಾಗ ಇನ್ನೊಂದು ಮಾತು ಬರುತ್ತದೆ, ಕಹಿಯಾದದ್ದು. 2023ರ ಜೂನ್ 2ರ ಸಂಜೆ ಒಡಿಶಾದ ಬಹಾನಗ ಬಜಾರ್ ಸ್ಟೇಷನ್ನಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ಹಸಿರು ಸಿಗ್ನಲ್ ಇತ್ತು; ಹಳಿ ಮಾತ್ರ ಗೂಡ್ಸು ನಿಂತಿದ್ದ ಲೂಪ್ ಲೈನಿಗೆ ತಿರುಗಿತ್ತು. 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ಲಿನ ವೈರುಗಳನ್ನು ಹಿಂದೊಮ್ಮೆ ಬದಲಿಸಿದಾಗಿನ ಲೋಪ, ಮತ್ತು ಅಂದು ಲೆವೆಲ್ ಕ್ರಾಸಿಂಗಿನ ಗೇಟಿಗಾಗಿ ನಡೆದ ಕೆಲಸದಲ್ಲಿನ ಲೋಪ, ಇವೇ ಕಾರಣವೆಂದು ತನಿಖೆ ಹೇಳಿತು. ನೂರೈವತ್ತು ವರ್ಷದಿಂದ ಕೆಟ್ಟರೂ ಕಾಯುವ ಕಡೆಗೇ ಕೆಡುತ್ತ ಬಂದ ವಿದ್ಯೆ ಅದು. ವೈರು ಕಡಿದರೆ ಕಾಯುತ್ತದೆ. ತಪ್ಪು ಕಡೆ ಕೂಡಿಸಿದರೆ ಅದೂ ಮೋಸಹೋಗುತ್ತದೆ. 1984ರ ಭೋಪಾಲದಲ್ಲೂ ಅನಿಲವನ್ನು ತಂಪಾಗಿಡುವ ಯಂತ್ರವನ್ನು ಆರಿಸಿದ್ದರು, ಸೋರಿದ್ದನ್ನು ಸುಡುವ ಗೋಪುರದ ಕೊಳವೆಯನ್ನು ಬಿಚ್ಚಿಟ್ಟಿದ್ದರು. ಕಾವಲಿದ್ದವು, ಎಚ್ಚರವಿರಲಿಲ್ಲ.

ದೊಡ್ಡ ಊರುಗಳ ಸುದ್ದಿ ಇರಲಿ. ನಮ್ಮ ಮಟ್ಟದಲ್ಲಿ ಇದು ಹೇಗೆ ನಡೆಯುತ್ತದೆ? ಹತ್ತಿಯ ಸುಗ್ಗಿ. ಹೊರಗೆ ಟ್ರ್ಯಾಕ್ಟರುಗಳ ಸಾಲು. ಬೇಲು ಕಟ್ಟುವ ಪ್ರೆಸ್ಸಿನ ಬಾಗಿಲ ಸ್ವಿಚ್ಚು ದೋಷ ತೋರಿಸಿ ಯಂತ್ರ ನಿಂತಿದೆ. 'ಎಷ್ಟೊತ್ತು ಮಾಡುತ್ತೀಯೋ' ಎಂದು ಕೂಗಾಟ. ಎಲೆಕ್ಟ್ರೀಷಿಯನ್ ಗೇಣುದ್ದದ ವೈರಿನ ತುಂಡನ್ನು ತೆಗೆದುಕೊಂಡು ಎರಡು ಟರ್ಮಿನಲ್ಲಿಗೆ ಸಿಕ್ಕಿಸುತ್ತಾನೆ. ಯಂತ್ರ ಓಡುತ್ತದೆ, ಎಲ್ಲರೂ ಅವನನ್ನು ಹೊಗಳುತ್ತಾರೆ. ಇದನ್ನೇ ಜಂಪರ್ ಹಾಕುವುದು, ಬೈಪಾಸ್ ಮಾಡುವುದು ಎನ್ನುತ್ತಾರೆ. ಸಂಜೆ ತೆಗೆದರಾಯಿತು ಎಂದುಕೊಂಡ ತುಂಡು ಮುಂದಿನ ಸುಗ್ಗಿಯವರೆಗೂ ಅಲ್ಲೇ ಇರುತ್ತದೆ. ಬಾಗಿಲು ತೆರೆದಾಗ ಯಂತ್ರ ನಿಲ್ಲುತ್ತದೆ ಎಂದೇ ನಂಬಿ ಕೈಹಾಕುವ ಹುಡುಗ, ಜಂಪರ್ ಹಾಕಿದ ದಿನ ಕೆಲಸಕ್ಕೆ ಬಂದೇ ಇರಲಿಲ್ಲ. ನಾನು ಎಲೆಕ್ಟ್ರೀಷಿಯನ್ನನ್ನು ಬಯ್ಯುತ್ತಿಲ್ಲ. ಅವನ ಬೆನ್ನ ಹಿಂದೆ ನಿಂತು ಕೂಗುವವರದೇ ಹೆಚ್ಚಿನ ಪಾಲು ಎಂದು ನನ್ನ ಅಭಿಪ್ರಾಯ. ಸರಿಯಾಗಿ ಜೋಡಿಸಿದ ನಾಡಿ ಪರೀಕ್ಷೆ ಇದ್ದರೆ, ಕರೆಂಟಿನ ವೈರಿನಿಂದ ಕದ್ದು ಹಾಕಿದ ಜಂಪರನ್ನೂ ಪೆಟ್ಟಿಗೆ ಹಿಡಿಯುತ್ತದೆ; ಅದರದೇ ನಾಡಿಯ ವೈರಿನ ಎರಡು ತುದಿಗಳನ್ನು ಕೂಡಿಸಿಬಿಟ್ಟರೆ ಅದಕ್ಕೂ ತಿಳಿಯದು. ಜಾಣತನ ಹೀಗೂ ಇರುತ್ತದೆ.

ಭಾಷೆಯ ಒಂದು ಸಂಕಟವೂ ಇಲ್ಲಿದೆ. ನಾವು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವವರು. ಪೆಟ್ಟಿಗೆ ಮಾತಾಡುವುದು ಇಂಗ್ಲಿಷು. ಅದರ ಮೇಲೆ 'ಫಾಲ್ಟ್' ಎಂದು ಕೆಂಪಕ್ಷರ ಬಂದರೆ, ನಮ್ಮ ಎರಡೂ ಭಾಷೆಗಳಲ್ಲಿ ಅದನ್ನು 'ತಪ್ಪು' ಎಂದುಬಿಡುತ್ತೇವೆ. ತಪ್ಪು ಎಂದ ಕೂಡಲೆ ಯಾರ ತಪ್ಪು ಎಂಬ ಪ್ರಶ್ನೆ, ಕೂಲಿ ಹಿಡಿಯುತ್ತಾರೆಂಬ ಭಯ. ಹುಡುಗ ಸುಮ್ಮನೆ ರೀಸೆಟ್ ಒತ್ತಿ ಮುಚ್ಚಿಡುತ್ತಾನೆ. ಅದು ತಪ್ಪಲ್ಲ, ದೋಷ, ವೈರಿನದು, ಸ್ವಿಚ್ಚಿನದು. ಹೊತ್ತಿದ ದೀಪ ಯಾವುದು, ತೋರಿಸಿದ ಅಂಕಿ ಯಾವುದು ಎಂದು ಒತ್ತುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೊಬೈಲಿದ್ದರೆ ಫೋಟೋ ತೆಗೆಯಿರಿ. ರೀಸೆಟ್ ಆದ ಮೇಲೆ ಆ ಅಂಕಿ ಪರದೆಯಿಂದ ಅಳಿಸಿಹೋಗಬಹುದು. ರಿಪೇರಿಗೆ ಬಂದವನಿಗೆ ಬೇಕಾಗಿರುವುದು ಅದೇ.

ಮನೆಯಿಂದ ಮಗನೋ ತಮ್ಮನೋ ಇಂಥ ಕೆಲಸಕ್ಕೆ ಹೊರಟಿದ್ದರೆ ಅವನಿಗೆ ಇಷ್ಟು ಹೇಳಿ ಕಳಿಸಿ. ಮೊದಲ ದಿನ, ಯಂತ್ರ ಖಾಲಿ ಓಡುವಾಗ, ಮೇಸ್ತ್ರಿಯನ್ನು ಕೇಳಿ, ಅವನ ಎದುರಿಗೇ ಕೆಂಪು ಗುಂಡಿಯನ್ನು ಒಮ್ಮೆ ಒತ್ತಿ ನೋಡಲಿ. ಯಂತ್ರ ನಿಲ್ಲಬೇಕು. ಗುಂಡಿಯನ್ನು ತಿರುಗಿಸಿ ಬಿಟ್ಟ ಮಾತ್ರಕ್ಕೆ ಅದು ಮತ್ತೆ ಓಡಬಾರದು. ರೀಸೆಟ್ ಮಾಡಿ, ಬೇರೆ ಗುಂಡಿಯಿಂದ ಶುರು ಮಾಡಿದಾಗಲೇ ಓಡಬೇಕು. ಈ ಎರಡರಲ್ಲಿ ಒಂದು ಹಾಗೆ ಆಗದಿದ್ದರೂ ಆ ಯಂತ್ರಕ್ಕೆ ಕೈಹಾಕದೆ, ಎಲೆಕ್ಟ್ರೀಷಿಯನ್ ಬರುವವರೆಗೆ ದೂರ ನಿಲ್ಲಲಿ.